ಗೊಂಬೆ ಅಜ್ಜಿ ಇಲ್ಲದ ಮೊದಲ ದಸರಾ: ಅವರ ಗೊಂಬೆಗಳನ್ನು ಈ ವರ್ಷ ಕೂರಿಸಬಹುದಾ?

ಕೆರೆದಂಡೆಯವಳು, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯ ಅಜ್ಜಿ ಈ ಶ್ರಾವಣದಲ್ಲಿ ತೀರಿಕೊಂಡರು. ಎಂಬತ್ತು ದಾಟಿತ್ತು. ನಮಗೂ ಅವರಿಗೂ ರಕ್ತ ಸಂಬಂಧ ಇಲ್ಲ, ಜಾತಿಯೂ ಬೇರೆ. ಆದರೆ ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಲಾಲಿ ಹಾಡಿದವರು ಅವರು. ಅಕ್ಕನ ಮದುವೆಯಲ್ಲಿ ಚಪ್ಪರ ಹಾಕಿದ ದಿನದಿಂದ ಬೀಗರ ಔತಣದ ತನಕ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ನಮ್ಮ ಮನೆಯ ಯಾವ ಶುಭಕಾರ್ಯದ ಫೋಟೋ ತೆಗೆದರೂ ಒಂದು ಮೂಲೆಯಲ್ಲಿ ಅವರಿದ್ದಾರೆ, ಕೈಯಲ್ಲಿ ತಟ್ಟೆಯೋ ಚೊಂಬೋ ಹಿಡಿದುಕೊಂಡು.

ದಸರಾ ಬಂದರೆ ಬೀದಿಯ ಮಕ್ಕಳಿಗೆಲ್ಲ ಅವರು ಗೊಂಬೆ ಅಜ್ಜಿ. ಮಹಾಲಯ ಅಮಾವಾಸ್ಯೆಗೆ ಮೊದಲೇ ಅಟ್ಟದಿಂದ ಟ್ರಂಕು ಇಳಿಯುತ್ತಿತ್ತು. ಹಳೇ ಪಂಚೆಯಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಬಿಚ್ಚಿ ಒರೆಸುವ ಕೆಲಸ ನಮ್ಮದು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ರಾಜ ರಾಣಿ. ಅಜ್ಜಿಯ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಕೆಳಗೆ ದಶಾವತಾರ, ಅದರ ಕೆಳಗೆ ಮದುವೆ ದಿಬ್ಬಣ, ಅಂಬಾರಿ ಆನೆ, ಚನ್ನಪಟ್ಟಣದ ಬಣ್ಣದ ಗೊಂಬೆಗಳು. ಕೊನೆಯ ಮೆಟ್ಟಿಲಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತ ಶೆಟ್ಟರು, ಪಕ್ಕದಲ್ಲಿ ಶೆಟ್ಟರ ಹೆಂಡತಿ, ಮುಂದೆ ಅಕ್ಕಿ, ಬೇಳೆ, ಬೆಲ್ಲ ತುಂಬಿದ ಪುಟ್ಟ ಬಟ್ಟಲುಗಳು. ಆ ಅಂಗಡಿ ಜೋಡಿಸುವ ಹಕ್ಕು ಬೀದಿಯ ಅತಿ ಚಿಕ್ಕ ಮಗುವಿನದು ಅಂತ ಅಜ್ಜಿಯ ಕಟ್ಟಳೆ.

ಸಂಜೆ "ಗೊಂಬೆ ಕೂರ್ಸಿದ್ದೀರಾ?" ಅಂತ ಕೇಳಿಕೊಂಡು ಬಂದ ಮಕ್ಕಳಿಗೆ ಬೊಂಬೆ ಬಾಗಿನ ಸುಮ್ನೆ ಸಿಗುತ್ತಿರಲಿಲ್ಲ. ಒಂದು ಗೊಂಬೆ ಆರಿಸಿ ಅದರ ಕಥೆ ಹೇಳಬೇಕು. ಆಮೇಲೆ ಕೋಡುಬಳೆ, ರವೆ ಉಂಡೆ. ಕಥೆ ಗೊತ್ತಿಲ್ಲದ ಮಗುವಿಗೆ ಅಜ್ಜಿಯೇ ಕಿವಿಯಲ್ಲಿ ಹೇಳಿಕೊಟ್ಟು, ಎಲ್ಲರ ಮುಂದೆ ಹೇಳಿಸುತ್ತಿದ್ದರು. ನಾನು ಇವತ್ತು ಶಾಲೆಯಲ್ಲಿ ಮಕ್ಕಳ ಮುಂದೆ ಧೈರ್ಯವಾಗಿ ನಿಂತು ಪಾಠ ಮಾಡುತ್ತೇನೆ ಅಂದರೆ ಅದರ ಮೂಲ ಅಲ್ಲಿದೆ.

ಇನ್ನೊಂದು ಮಾತು ಹೇಳಲೇಬೇಕು. ಅವರ ಯಜಮಾನರು ಹೋದ ಮೇಲೂ ಅಜ್ಜಿ ಗೊಂಬೆ ಕೂರಿಸುವುದನ್ನು ಬಿಡಲಿಲ್ಲ. ಆದರೆ ಸಂಜೆ ಆರತಿಯ ಹೊತ್ತಿಗೆ ಸದ್ದಿಲ್ಲದೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಬಂದ ಹೆಂಗಸರಿಗೆ ಕುಂಕುಮ ಕೊಡಲು ಯಾರನ್ನಾದರೂ ಕರೆಯುತ್ತಿದ್ದರು. ಒಂದು ವರ್ಷ ನಮ್ಮಮ್ಮ ಒಳಗೆ ಹೋಗಿ ಅವರ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. "ನೀವು ಕೂರಿಸಿದ ಗೊಂಬೆ, ಆರತಿ ನೀವೇ ಎತ್ತಬೇಕು. ನನಗೆ ಕುಂಕುಮ ಕೊಡೋದಾದರೆ ನಿಮ್ಮ ಕೈಯಿಂದಲೇ ಕೊಡಿ" ಅಂದರು. ಆ ವರ್ಷದಿಂದ ಕೆಲವರು ಬರುವುದು ನಿಲ್ಲಿಸಿದರು. ಅಮ್ಮ ಮಾತ್ರ ಒಂಬತ್ತು ಸಂಜೆಯೂ ಹೋಗಿ ಅಜ್ಜಿಯ ಕೈಯಿಂದಲೇ ಕುಂಕುಮ ತೆಗೆದುಕೊಂಡರು. ನಿಧಾನವಾಗಿ ಉಳಿದವರೂ ಬಂದರು.

ಈಗ ವಿಷಯಕ್ಕೆ ಬರುತ್ತೇನೆ. ಅಜ್ಜಿಯ ಮಗ ಪುಣೆಯಲ್ಲಿದ್ದಾರೆ. ವೈಕುಂಠ ಸಮಾರಾಧನೆ ಮುಗಿಸಿ ಊರಿಗೆ ಹೊರಡುವ ಮುಂಚೆ ಆ ಟ್ರಂಕನ್ನು ನಮ್ಮ ಮನೆಗೆ ತಂದಿಟ್ಟರು. ತಮ್ಮ ಅಮ್ಮನ ಆಸೆ ಇದು ಅಂದರು. ನಮ್ಮ ನೆಂಟರು ಬೇರೆ ಹೇಳುತ್ತಿದ್ದಾರೆ. ಸಾವಾದ ಮನೆಯ ಗೊಂಬೆ, ವರ್ಷ ತುಂಬದೆ ಕೂರಿಸಬಾರದಂತೆ. ಪಟ್ಟದ ಗೊಂಬೆ ತವರಿನಿಂದಲೇ ಬರಬೇಕಂತೆ, ಬೇರೆಯವರ ಮನೆಯದು ನಮಗೆ ಆಗಿಬರುವುದಿಲ್ಲವಂತೆ. ಅಮ್ಮ ಕೂರಿಸೋಣ ಅನ್ನುತ್ತಾರೆ. ನನಗೆ ಹಬ್ಬ ಮಾಡುವ ಮನಸ್ಸೇ ಬರುತ್ತಿಲ್ಲ. ಮನಸ್ಸಿಲ್ಲ ಅಂತ ಬಾಯಿ ಬಿಟ್ಟು ಹೇಳಿದರೆ "ಅವರು ನಿಮಗೇನಾಗಬೇಕು?" ಅಂತ ಕೇಳುತ್ತಾರೆ. ಅದಕ್ಕೆ ಏನು ಹೇಳಲಿ?

ಪುರೋಹಿತರ ಸೊಸೆ

ತಂಗಿ, ನಿಮ್ಮ ನೋವು ಅರ್ಥವಾಗುತ್ತದೆ. ಮೊದಲು ಶಾಸ್ತ್ರದ ವಿಷಯ ಹೇಳಿಬಿಡುತ್ತೇನೆ. ಸೂತಕ ಬರುವುದು ದಾಯಾದಿಗಳಿಗೆ, ಹತ್ತಿರದ ನೆಂಟರಿಗೆ. ಅದಕ್ಕೂ ದಿನಗಳ ಲೆಕ್ಕ ಇದೆ. ವರ್ಷವಿಡೀ ಹಬ್ಬ ಮಾಡದಿರುವುದು ಆ ಮನೆಯ ಮಕ್ಕಳು, ಸೊಸೆಯರು ಪಾಲಿಸುವ ಕ್ರಮ. ನಿಮಗೆ ಯಾವ ಅಡ್ಡಿಯೂ ಇಲ್ಲ. ಗೊಂಬೆಗೆ ಸೂತಕ ಅಂಟುತ್ತದೆ ಅನ್ನುವುದನ್ನು ನಮ್ಮ ಮಾವನವರು ಒಪ್ಪುವುದಿಲ್ಲ. ಒಮ್ಮೆ ಪುಣ್ಯಾಹ ಮಾಡಿಸಿ ನೀರು ಪ್ರೋಕ್ಷಿಸಿದರೆ ಸಾಕು ಅಂದರು.

"ಅವರು ನಿಮಗೇನಾಗಬೇಕು" ಅನ್ನುವವರಿಗೆ ಮಹಾಲಯದ ತರ್ಪಣ ನೋಡಲು ಹೇಳಿ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಶುರುವಾಗುವ ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಅತ್ತೆ, ಮಾವ, ಗುರು, ಶಿಷ್ಯ, ಸ್ನೇಹಿತ, ಆಪ್ತ ಅಂತ ಮುಂದೆ ಹೋಗುತ್ತದೆ. ಇವರನ್ನು ಕಾರುಣ್ಯ ಪಿತೃಗಳು ಅನ್ನುತ್ತಾರೆ. ಕೊನೆಗೆ ತಾಯಿ ತಂದೆ ಬಂಧು ಯಾರೂ ಇಲ್ಲದವರಿಗೂ ಒಂದು ಬೊಗಸೆ ನೀರು ಬಿಡುತ್ತಾರೆ. ಹಿಂದಿನವರು ನಿಮ್ಮಂಥವರನ್ನು ಮರೆತಿಲ್ಲ, ನಿಮ್ಮ ಅಜ್ಜಿಯಂಥವರನ್ನೂ ಮರೆತಿಲ್ಲ. ನಿಮ್ಮ ಮನೆಯಲ್ಲಿ ತರ್ಪಣದ ಪದ್ಧತಿ ಇಲ್ಲದಿದ್ದರೆ ಅಮಾವಾಸ್ಯೆಯ ದಿನ ಅವರ ಹೆಸರಲ್ಲಿ ಯಾರಿಗಾದರೂ ಊಟ ಹಾಕಿ. ಮಾರನೇ ದಿನ ಪಾಡ್ಯ, ಗೊಂಬೆ ಕೂರಿಸಿ.

ಮಂಡ್ಯದ ರೈತನ ಮಗ

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಮನೆ ಬಳಿದು, ಕಳಸ ಇಟ್ಟು, ಹೊಸ ಬಟ್ಟೆ ಮಡಗಿ, ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆ ಮೇಲೆ ಬಡಿಸುತ್ತೇವೆ. ಕಜ್ಜಾಯ, ವಡೆ, ಬಾಡಿನ ಸಾರು, ಎಲೆ ಅಡಿಕೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಇರುತ್ತದೆ.

ನಮ್ಮ ತಾತನ ಪಕ್ಕದಲ್ಲಿ ಇನ್ನೊಂದು ಎಡೆ ಇಡುತ್ತೇವೆ. ಅದು ನಮ್ಮ ಊರಿನ ಸಾಬರ ತಾತನಿಗೆ. ತಾತನೂ ಅವರೂ ಒಂದೇ ಕೊಳವೆ ಬಾವಿಯ ನೀರಲ್ಲಿ ಕಬ್ಬು ಬೆಳೆದವರು. ಇಬ್ಬರ ಗದ್ದೆಗೆ ಬದು ಇತ್ತೇ ಹೊರತು ಜಗಳ ಇರಲಿಲ್ಲ. ನಮ್ಮಪ್ಪನ ಮದುವೆಗೆ ಹಳ್ಳಿಕಾರ್ ಎತ್ತು ಕಟ್ಟಿ ಗಾಡಿ ಹೊಡೆದವರು ಅವರೇ. ಅವರಿಗೆ ಹುರುಳಿಕಾಳಿನ ಬಸ್ಸಾರು, ಮುದ್ದೆ ಅಂದರೆ ಪ್ರಾಣ. ಅದನ್ನೇ ಬಡಿಸುತ್ತೇವೆ. ಅವರ ಮಗನನ್ನು ಕೇಳಿಯೇ ಶುರು ಮಾಡಿದ್ದು. "ಊಟ ಹಾಕಿ ನೆನೆಸಿಕೊಳ್ಳೋದರಲ್ಲಿ ಏನು ತಪ್ಪು" ಅಂದರು. ಮೊಮ್ಮಕ್ಕಳು ಅವತ್ತು ನಮ್ಮ ಮನೆಗೇ ಊಟಕ್ಕೆ ಬರುತ್ತಾರೆ. ರಂಜಾನಿಗೆ ನಾವು ಅವರ ಮನೆಗೆ.

ಅಕ್ಕಾ, ನಿಮ್ಮ ಅಜ್ಜಿಗೆ ಏನು ಇಷ್ಟ ಇತ್ತು ಅಂತ ನೆನಪು ಮಾಡಿಕೊಳ್ಳಿ. ಅದನ್ನು ಮಾಡಿ ಬಡಿಸಿ. ಹಬ್ಬದ ಮನಸ್ಸು ಆಮೇಲೆ ತಾನೇ ಬರುತ್ತದೆ.

ಹಿರಿಯ ನಾಗರಿಕ, ಬೆಂಗಳೂರು

ಎಲ್ಲರೂ ಕೂರಿಸಿ ಅನ್ನುತ್ತಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ ತಾಯಿ.

ನಮ್ಮ ತಾಯಿ ಹೋದದ್ದು ದೀಪಾವಳಿಗೆ ನಾಲ್ಕು ದಿನ ಇದ್ದಾಗ. ಆ ಬೀದಿಯಲ್ಲಿ ಅವರ ಕೈಯ ಉಪ್ಪಿನಕಾಯಿ ತಿನ್ನದ ಮನೆ ಇರಲಿಲ್ಲ. ಹಬ್ಬದ ರಾತ್ರಿ ಒಂದು ಮನೆಯೂ ಪಟಾಕಿ ಬಿಡಲಿಲ್ಲ. ಮಕ್ಕಳೂ ಬಿಡಲಿಲ್ಲ. ದೀಪ ಮಾತ್ರ ಹಚ್ಚಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ಆ ಮೌನ ನಮಗೆ ಎಷ್ಟು ದೊಡ್ಡ ಸಮಾಧಾನ ಕೊಟ್ಟಿತು ಅಂತ ಹೇಳಲಾರೆ. ಹಿಂದೆ ಬೀದಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಅಕ್ಕಪಕ್ಕದಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಅದು ಶಾಸ್ತ್ರಕ್ಕೆ ಹೆದರಿ ಮಾಡಿದ್ದಲ್ಲ, ಮನುಷ್ಯರ ಮೇಲಿನ ಪ್ರೀತಿಗೆ ಮಾಡಿದ್ದು. ಒಂದು ವರ್ಷ ಗೊಂಬೆ ಟ್ರಂಕಿನಲ್ಲೇ ಇರಲಿ. ಮುಂದಿನ ವರ್ಷ ತುಂಬು ಮನಸ್ಸಿಂದ ಕೂರಿಸಿ. ನಿಮಗೇ ಮನಸ್ಸಿಲ್ಲ ಅನ್ನುತ್ತಿದ್ದೀರಲ್ಲ, ಆ ಮನಸ್ಸಿನ ಮಾತಿಗೂ ಬೆಲೆ ಕೊಡಿ.

ಹಳೇ ಅಗ್ರಹಾರ

ಹಿರಿಯರ ಮಾತು ಮನಸ್ಸಿಗೆ ತಾಗಿತು. ನನಗೆ ಗೊತ್ತಿರುವ ದಸರಾ ಚರಿತ್ರೆಯ ಎರಡು ಸಂಗತಿ ಹೇಳುತ್ತೇನೆ, ಇಲ್ಲಿಗೆ ಸಂಬಂಧ ಇದೆ.

ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮೊದಲ ದಸರಾ ಮಾಡಿದ್ದು 1610ರಲ್ಲಿ. ನವರಾತ್ರಿ ಶುರುವಾಗುವ ಹಿಂದಿನ ದಿನ ಅವರ ಮಗ ನರಸರಾಜ ತೀರಿಕೊಂಡರು ಅಂತ ಮೈಸೂರಿನ ಚರಿತ್ರೆಯಲ್ಲಿ ಬರುತ್ತದೆ. ರಾಜಮನೆತನದಲ್ಲಿ ಸಾವಾದರೂ ಈ ಹಬ್ಬ ನಿಲ್ಲಬಾರದು ಅಂತ ರಾಜ ಒಡೆಯರು ಬಲ್ಲವರನ್ನು ಕೇಳಿಕೊಂಡು ಕಟ್ಟಳೆ ಮಾಡಿದರಂತೆ. ಮಗನನ್ನು ಕಳೆದುಕೊಂಡ ತಂದೆ ಅಂಥ ಕಟ್ಟಳೆ ಮಾಡಬೇಕಾದರೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ಯೋಚಿಸುತ್ತೇನೆ.

ಇನ್ನೊಂದು ನಾವೆಲ್ಲ ಕಂಡದ್ದು. 2018ರ ವಿಜಯದಶಮಿಯ ದಿನವೇ ಪ್ರಮೋದಾದೇವಿ ಒಡೆಯರ್ ಅವರ ತಾಯಿ ತೀರಿಕೊಂಡರು. ಅರಮನೆಯ ಒಳಗಿನ ವಿಜಯದಶಮಿ ವಿಧಿಗಳನ್ನು ಮುಂದಕ್ಕೆ ಹಾಕಿದರು. ಆದರೆ ಜಂಬೂ ಸವಾರಿ ಹೊರಟಿತು, ಜನ ಬೀದಿಯಲ್ಲಿ ನಿಂತು ಚಾಮುಂಡೇಶ್ವರಿಗೆ ಕೈ ಮುಗಿದರು. ಮನೆಯವರು ಹಿಂದೆ ಸರಿದರು, ಊರು ಹಬ್ಬ ಮಾಡಿತು. ಎರಡಕ್ಕೂ ಜಾಗ ಇತ್ತು.

ನಿಮ್ಮ ಅಜ್ಜಿಯ ಗೊಂಬೆ ಅವರ ಮನೆಯದಾ, ಬೀದಿಯದಾ? ನೀವು ಬರೆದದ್ದನ್ನು ಓದಿದರೆ ಅದು ಬೀದಿಯದೇ ಅನ್ನಿಸುತ್ತದೆ.

ಧಾರವಾಡದ ಓದುಗ

ನಮ್ಮ ಕಡೆ ಗೊಂಬೆಗಿಂತ ಬನ್ನಿ ಜಾಸ್ತಿ. ದಸರಾ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ" ಅಂತ ಹಿರಿಯರ ಕಾಲಿಗೆ ಬೀಳುತ್ತೇವೆ. ನಮ್ಮ ಓಣಿಯಲ್ಲಿ ಮೊದಲ ಬನ್ನಿ ಯಾವಾಗಲೂ ನಿವೃತ್ತ ಮಾಸ್ತರರಿಗೆ. ಮದುವೆಯಾಗದೆ ಉಳಿದವರು. ಓಣಿಯ ಹುಡುಗರಿಗೆ ಗಣಿತ ಕಲಿಸಿ ಒಂದು ರೂಪಾಯಿ ತೆಗೆದುಕೊಳ್ಳದವರು. ಅವರು ಹೋದ ವರ್ಷ ದಸರಾದ ದಿನ ಎಲ್ಲರೂ ಅಭ್ಯಾಸ ಬಲದಿಂದ ಅವರ ಕಟ್ಟೆಯ ಮುಂದೆ ಬಂದು ನಿಂತೆವು. ಬಾಗಿಲಿಗೆ ಬೀಗ. ಯಾರಿಗೆ ಕೊಡಬೇಕು ಅಂತ ತಿಳಿಯಲಿಲ್ಲ. ಆಗ ಒಬ್ಬ ಹಿರಿಯ ವಿದ್ಯಾರ್ಥಿ, ಅವನಿಗೇ ಅರವತ್ತಾಗಿದೆ, ಓಣಿಯ ಎಲ್ಲಕ್ಕಿಂತ ಸಣ್ಣ ಹುಡುಗನ ಕೈಗೆ ಬನ್ನಿ ಕೊಟ್ಟು, "ನಾಳೆಯಿಂದ ಇವನಿಗೆ ಲೆಕ್ಕ ನಾನು ಹೇಳ್ತೀನಿ" ಅಂದ. ಹೇಳುತ್ತಿದ್ದಾನೆ ಕೂಡ.

ಹೋದವರ ಕೆಲಸ ಯಾರಾದರೂ ಎತ್ತಿಕೊಳ್ಳಬೇಕು ಅಂತ ನನಗನ್ನಿಸುತ್ತದೆ. ನಿಮ್ಮ ಅಜ್ಜಿಯ ಕೆಲಸ ಬರೀ ಗೊಂಬೆ ಜೋಡಿಸುವುದಲ್ಲ, ಮಕ್ಕಳಿಂದ ಕಥೆ ಹೇಳಿಸುವುದು. ಅದನ್ನು ಬಿಡಬೇಡಿ.

ಕುಡ್ಲದ ಮಗಳು

ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು. ಸೆಪ್ಟೆಂಬರ್ 8 ನಮಗೆ ಮೊಂತಿ ಫೆಸ್ತ್, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೂ ಮುಂಚೆ ಒಂಬತ್ತು ದಿನ ಮಕ್ಕಳು ಹೂವು ತಂದು ಅರ್ಪಿಸುತ್ತಾರೆ. ಚರ್ಚಿನಲ್ಲಿ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತೇವೆ. ಆ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅವತ್ತು ಬಾಳೆಲೆ ಮೇಲೆ ಪೂರ್ತಿ ತರಕಾರಿ ಊಟ.

ನಮ್ಮ ಮನೆಗೆ ತೆನೆ ಬರುತ್ತಿದ್ದದ್ದು ಪಕ್ಕದ ಬಂಟರ ಗದ್ದೆಯಿಂದ. ಆ ಮನೆಯ ದೊಡ್ಡಮ್ಮ ತಾನೇ ಕೊಯ್ದು ತಂದು ಕೊಡುತ್ತಿದ್ದರು. ಅವರು ಹೋದ ವರ್ಷ ಮಗ ಗದ್ದೆ ಮಾಡಿರಲಿಲ್ಲ. ಆದರೆ ಅಂಗಳದ ಒಂದು ತುಂಡು ಜಾಗದಲ್ಲಿ ನಮಗಾಗಿ ಭತ್ತ ಬಿತ್ತಿದ್ದರು. "ಅಮ್ಮ ಇದ್ದಿದ್ದರೆ ಕೊಡ್ತಿದ್ದರಲ್ವಾ" ಅಂದರು. ನಾನು ಆ ತೆನೆ ಹಿಡಿದು ಚರ್ಚಿನಲ್ಲಿ ಅತ್ತದ್ದು ಇನ್ನೂ ನೆನಪಿದೆ. ಅಳುತ್ತಲೇ ಹಬ್ಬ ಮಾಡಬಹುದು. ಅದು ತಪ್ಪಲ್ಲ.

ಹಾಸನದ ಅಮ್ಮ

ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿ ಬರೆಯುತ್ತಿದ್ದೇನೆ. ನಾನೂ ಗಂಡನನ್ನು ಕಳೆದುಕೊಂಡವಳು. ನಿಮ್ಮ ಅಜ್ಜಿ ಅಡುಗೆಮನೆಗೆ ಹೋಗಿಬಿಡುತ್ತಿದ್ದರು ಅನ್ನುವ ಸಾಲು ಓದಿ ಮುಂದೆ ಓದಲಾಗಲಿಲ್ಲ. ನಾನೂ ಹಾಗೇ ಹೋಗುತ್ತೇನೆ. ಯಾರೂ ಹೋಗು ಅನ್ನುವುದಿಲ್ಲ. ಆದರೆ ಗೌರಿ ಹಬ್ಬದಲ್ಲಿ ಮೊರದ ಬಾಗಿನ ಹಂಚುವಾಗ, ಸೀಮಂತದಲ್ಲಿ ಆರತಿಗೆ ಮುತ್ತೈದೆಯರನ್ನು ಕರೆಯುವಾಗ, ಕಾಲು ತಾನಾಗಿ ಒಳಗೆ ಹೋಗುತ್ತದೆ. ನನ್ನ ಸ್ವಂತ ಮಗಳ ಸೀಮಂತದಲ್ಲೂ ಹೋಯಿತು. ಯಾರೂ ಕೈ ಹಿಡಿಯಲಿಲ್ಲ.

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಮ್ಮ.

ಒಂದು ಮಾತು ಕೇಳುತ್ತೇನೆ. ಗೊಂಬೆ ಕೂರಿಸಿದರೆ ಮೊದಲ ದಿನದ ಮೊದಲ ಆರತಿ ನೀವು ಎತ್ತಬೇಡಿ. ನಿಮ್ಮ ಬೀದಿಯಲ್ಲಿ ನಮ್ಮಂಥವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಕರೆದು ಎತ್ತಿಸಿ. ಕುಂಕುಮವನ್ನೂ ಅವರ ಕೈಯಿಂದಲೇ ಕೊಡಿಸಿ. ನಿಮ್ಮ ಅಜ್ಜಿ ಅಷ್ಟು ವರ್ಷ ಕಷ್ಟಪಟ್ಟು ಪಡೆದುಕೊಂಡದ್ದು ಅವರ ಜೊತೆಗೇ ಹೋಗಬಾರದು. ಗೊಂಬೆ ಟ್ರಂಕಿನಲ್ಲಿ ಒಂದು ವರ್ಷ ಇದ್ದರೆ ಏನೂ ಆಗುವುದಿಲ್ಲ, ನಿಜ. ಆದರೆ ಈ ಪದ್ಧತಿ ಒಂದು ವರ್ಷ ನಿಂತರೆ ಹಳೆಯದು ವಾಪಸ್ಸು ಬಂದು ಕೂರುತ್ತದೆ.

ಕೆರೆದಂಡೆಯವಳು, ಮೈಸೂರು

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಹಾಸನದ ಅಮ್ಮ ಬರೆದದ್ದನ್ನು ಅಮ್ಮ ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಎದ್ದು ಹೋಗಿ ನಮ್ಮ ಹಿಂದಿನ ಬೀದಿಯ ಹೂವಾಡಗಿತ್ತಿಯ ಹತ್ತಿರ ಮಾತಾಡಿಕೊಂಡು ಬಂದರು. ಹೋದ ವರ್ಷ ಗಂಡ ತೀರಿಕೊಂಡ ಮೇಲೂ ಆಕೆ ಎಲ್ಲರ ಮನೆಯ ಪೂಜೆಗೆ ಹೂವು ಕಟ್ಟಿ ಕೊಡುತ್ತಾರೆ, ಪೂಜೆಗೆ ಮಾತ್ರ ಯಾರೂ ಕರೆಯುವುದಿಲ್ಲ. ಮೊದಲು ಒಪ್ಪಲಿಲ್ಲವಂತೆ. "ಗೊಂಬೆ ಅಜ್ಜಿ ಗೊಂಬೆಗೆ" ಅಂದ ಮೇಲೆ ಒಪ್ಪಿದರು. ಮೊದಲ ಆರತಿ ಅವರದೇ.

ಅಜ್ಜಿಯ ಮಗನಿಗೂ ಫೋನ್ ಮಾಡಿದೆ. ಚಿಕ್ಕಂದಿನಿಂದ ಅಣ್ಣ ಅಂತಲೇ ಕರೆದು ಅಭ್ಯಾಸ. "ಅಣ್ಣ, ಕೂರಿಸಿದರೆ ನಿಮಗೆ ಬೇಜಾರಾಗಲ್ವಾ?" ಅಂತ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೂರಿಸದಿದ್ದರೆ ಬೇಜಾರಾಗುತ್ತೆ ಕಣೆ. ನಾವು ವರ್ಷ ತುಂಬುವ ತನಕ ಹಬ್ಬ ಮಾಡಲ್ಲ. ನೀವು ಮಾಡಿ. ಸರಸ್ವತಿ ಪೂಜೆ ದಿನ ಬಂದು ನೋಡಿಕೊಂಡು ಹೋಗ್ತೀವಿ" ಅಂದರು. ಅತ್ತಿಗೆಯೂ ಮಾತಾಡಿದರು. ಪಟ್ಟದ ಗೊಂಬೆ ತಮ್ಮ ಬಳಿ ಇರಬೇಕಿತ್ತು ಅನ್ನಿಸುತ್ತಾ ಅಂತ ಕೇಳಿದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಂಬತ್ತು ದಿನ ಗೊಂಬೆ ನೋಡಿಕೊಳ್ಳಲು ಆಗುವುದಿಲ್ಲ, ಮೊಮ್ಮಗಳ ಮದುವೆಗೆ ನೀವೇ ಅವಳಿಗೆ ಕೊಡಿ ಅಂದರು. ಹಾಗಾಗಿ ಆ ರಾಜ ರಾಣಿಯನ್ನು ನಮ್ಮದು ಅಂತ ಇಟ್ಟುಕೊಳ್ಳುತ್ತಿಲ್ಲ. ಆ ಹುಡುಗಿಯ ಮದುವೆಯ ತನಕ ಕಾಪಾಡುತ್ತೇವೆ. ತವರಿನಿಂದ ಬರಬೇಕು ಅನ್ನುವ ಮಾತಿಗೂ ಇದು ಸರಿಹೋಯಿತು.

ಹಿರಿಯರೇ, ನಿಮ್ಮ ಮಾತನ್ನು ತಳ್ಳಿಹಾಕಿಲ್ಲ. ಈ ವರ್ಷ ಬಣ್ಣದ ದೀಪದ ಸರ ಹಾಕುವುದಿಲ್ಲ, ಸ್ಪೀಕರ್ ಇಲ್ಲ, ನಾವು ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಪಟ್ಟದ ಗೊಂಬೆಗಳಿಗೆ ಮಾತ್ರ ಹೊಸದು ಹೊಲಿಯುತ್ತೇವೆ, ಅದನ್ನು ಅಜ್ಜಿ ಒಂದು ವರ್ಷವೂ ತಪ್ಪಿಸಿದವರಲ್ಲ. ಮಂಡ್ಯದ ಅಣ್ಣ ಹೇಳಿದಂತೆ ಅಮಾವಾಸ್ಯೆಯ ದಿನ ಅವರಿಗೆ ಇಷ್ಟವಾದ ಮೆಂತ್ಯದ ಹುಳಿ, ಹೆಸರುಬೇಳೆ ಪಾಯಸ ಮಾಡಿ ಬೀದಿಯ ಮಕ್ಕಳಿಗೆ ಊಟ ಹಾಕುತ್ತೇವೆ. ಕಥೆ ಹೇಳಿಸುವ ಕೆಲಸ ನನ್ನದು. ನನಗೆ ಎಲ್ಲ ಗೊಂಬೆಗಳ ಕಥೆ ಬರುವುದಿಲ್ಲ, ಬೀದಿ ಬಿಟ್ಟು ಹೋದ ಹಳೇ ಮಕ್ಕಳಿಗೆಲ್ಲ ಫೋನ್ ಮಾಡಿ ಕೇಳುತ್ತಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಕಥೆ ನೆನಪಿದೆ. ಗರುಡನ ಮೂಗು ಮುರಿದದ್ದು ಹೇಗೆ ಅಂತ ಮೂರು ಕಥೆ ಸಿಕ್ಕಿವೆ, ಮೂರನ್ನೂ ಅಜ್ಜಿಯೇ ಹೇಳಿದ್ದಂತೆ!

ಈಗ ಎರಡು ಸಹಾಯ ಬೇಕು. ರಾಣಿಯ ಸೀರೆಗೆ ಹಳೇ ರೇಷ್ಮೆ ಬಳಸಬಹುದಾ? ಮತ್ತೆ ರಾಗಿ ಪೈರು. ಪಾಡ್ಯದ ಹೊತ್ತಿಗೆ ಗೊಂಬೆಗಳ ಪಾರ್ಕಿಗೆ ಹಸಿರು ಬಂದಿರಬೇಕು. ಅಜ್ಜಿ ಯಾವಾಗ ಬಿತ್ತುತ್ತಿದ್ದರು ಅಂತ ಅಮ್ಮನಿಗೂ ಸರಿಯಾಗಿ ನೆನಪಿಲ್ಲ.

ದೂರದೂರಿನವಳು, ಕ್ಯಾಲಿಫೋರ್ನಿಯಾ

ಇಲ್ಲೂ ಗೊಂಬೆ ಕೂರಿಸುತ್ತೇವೆ, ಹಾಗಾಗಿ ಸೀರೆಯ ವಿಷಯ ಹೇಳಬಲ್ಲೆ. ಹಳೇ ರೇಷ್ಮೆಯೇ ಒಳ್ಳೆಯದು, ಮೆತ್ತಗಿರುತ್ತದೆ, ನೆರಿಗೆ ಚೆನ್ನಾಗಿ ಕೂರುತ್ತದೆ. ಅಜ್ಜಿಯದೇ ಯಾವುದಾದರೂ ಸೀರೆಯ ಜರಿ ಅಂಚು ಸಿಗುತ್ತದಾ ಅಂತ ಅವರ ಸೊಸೆಯನ್ನು ಕೇಳಿ. ಮೊದಲು ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಸೀರೆ ಉಡಿಸಿ. ಮರಕ್ಕೆ ಗೋಂದು ಹಚ್ಚಬೇಡಿ, ಸೂಜಿ ದಾರದಲ್ಲೇ ಹಿಡಿಸಿ. ಆ ಮೊಮ್ಮಗಳ ಕೈಗೆ ಹೋಗುವಾಗ ಮರ ಹೇಗಿದೆಯೋ ಹಾಗೇ ಇರಲಿ.

ಹಿರಿಯ ನಾಗರಿಕ, ಬೆಂಗಳೂರು

ನಾನಾಗಿದ್ದರೆ ಒಂದು ವರ್ಷ ಕಾಯುತ್ತಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಹೆತ್ತ ಮಗನೇ ಕೂರಿಸಿ ಅಂದ ಮೇಲೆ ಬೇರೆಯವರ ಮಾತು ಬೇಡ. ನೆಂಟರು ಕೇಳಿದರೆ ಅಷ್ಟೇ ಹೇಳಿ.

ರಾಗಿಗೆ ನಮ್ಮ ತಾಯಿ ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಅಗಲವಾದ ತಟ್ಟೆಯಲ್ಲಿ ಸಡಿಲ ಮಣ್ಣು ಹಾಕಿ ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಪಾಡ್ಯಕ್ಕೆ ಒಂದು ವಾರ ಮುಂಚೆ ಬಿತ್ತಿದರೆ ಸರಿಯಾಗುತ್ತದೆ. ನೀರು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಮೊದಲೆರಡು ದಿನ ನೆರಳಲ್ಲಿಡಿ, ಆಮೇಲೆ ಬೆಳಗಿನ ಬಿಸಿಲು ಸಾಕು. ಎರಡು ತಟ್ಟೆ ಮಾಡಿಕೊಳ್ಳಿ, ಎರಡನೆಯದನ್ನು ನಾಲ್ಕು ದಿನ ತಡವಾಗಿ ಬಿತ್ತಿ. ಮೊದಲಿನದು ಸರಸ್ವತಿ ಪೂಜೆಯ ಹೊತ್ತಿಗೆ ಬಾಗಿ ಹಳದಿಯಾಗುತ್ತದೆ. ಅವರ ಮಗ ಬರುವ ದಿನ ಹಸಿರು ಇರಬೇಕಲ್ಲ.